ಥ್ಯಾಕರೆ ಎಂಬ ಇಂಗ್ಲಿಷ್ ಅಡ್ಡಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಕಿತ್ತೂರಿನ ಇತಿಹಾಸ ಓದಿದವರಿಗೆ ಥ್ಯಾಕರೆ ಸಾಹೇಬನ ಹೆಸರು ಹೊಸದಲ್ಲ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಅದೇ ಹೆಸರಿನ ಕಾದಂಬರಿಕಾರ ಗೊತ್ತು. ಮುಂಬಯಿಯ ರಾಜಕೀಯ ಗಮನಿಸುವವರು ಇಂಗ್ಲಿಷ್ ಪತ್ರಿಕೆಗಳಲ್ಲಿ ಠಾಕ್ರೆ ಮನೆತನದ ಹೆಸರಿಗೂ ಅದೇ ಅಕ್ಷರಗಳನ್ನು ದಿನವೂ ಕಾಣುತ್ತಾರೆ. ಈ ಮೂವರಲ್ಲಿ ಇಬ್ಬರು ಒಂದೇ ಮನೆಯವರು, ಮೂರನೆಯವರಿಗೂ ಆ ಮನೆಗೂ ರಕ್ತಸಂಬಂಧವಿಲ್ಲ. ಈ ಹೆಸರಿನ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ತಮ್ಮ ವಂಶಾವಳಿ ಹುಡುಕುತ್ತಿರುವವರಿಗಾಗಿ ದಾಖಲೆಗಳ ವಿವರವೂ ಇದೆ.

ಥ್ಯಾಕರೆ ಎಂಬ ಹೆಸರಿನ ಅರ್ಥವೇನು?

ಇದು ಊರಿನಿಂದ ಬಂದ ಹೆಸರು. ನಮ್ಮಲ್ಲಿ ಹುಬ್ಬಳ್ಳಿ, ಗದಗ, ಹಲಗಲಿ ಎಂಬ ಅಡ್ಡಹೆಸರುಗಳು ಇರುವಂತೆಯೇ. ಹಳೆಯ ನಾರ್ಸ್ ಭಾಷೆಯ, ಅಂದರೆ ಡೆನ್ಮಾರ್ಕ್, ನಾರ್ವೆ ಕಡೆಯವರ ಹಳೆಯ ಮಾತಿನ, ಎರಡು ಪದಗಳು ಇದರಲ್ಲಿ ಸೇರಿವೆ. ಮೊದಲನೆಯದು 'ಥಾಕ್', ಅಂದರೆ ಮನೆಯ ಮೇಲೆ ಹೊದಿಸುವ ಜೊಂಡು ಅಥವಾ ಹುಲ್ಲು. ಎರಡನೆಯದು 'ವ್ರಾ', ಅಂದರೆ ಮೂಲೆ, ಮರೆಯ ಜಾಗ. ಹೊದಿಕೆಯ ಜೊಂಡು ಬೆಳೆಯುವ ಮೂಲೆ ಎಂಬುದು ಒಟ್ಟು ಅರ್ಥ. ಹಂಚು, ಸ್ಲೇಟುಕಲ್ಲು ಬಡವರ ಮನೆಗೆ ಬರುವ ಮುಂಚೆ ಜೊಂಡು ಸಿಗುವ ಜಾಗಕ್ಕೆ ಬೆಲೆಯಿತ್ತು, ಹಾಗಾಗಿ ಆ ಮೂಲೆಗೆ ಬೇರೆಯಾಗಿ ಒಂದು ಹೆಸರೂ ಬಿತ್ತು.

'ವ್ರಾ' ಇರುವ ಹೆಸರು ಇದೊಂದೇ ಅಲ್ಲ. 'ರೇ' ಎಂದು ಉಚ್ಚರಿಸುವ, ಡಬ್ಲ್ಯೂ ಅಕ್ಷರದಿಂದ ಶುರುವಾಗುವ ಅಡ್ಡಹೆಸರು ಬರೀ ಮೂಲೆ. ಡಾಕ್ರೇ ಅಥವಾ ಡಾಕ್‌ವ್ರಾ ಎಂಬುದೂ ಇದೇ ಕಟ್ಟಿನದು. 1680ರಲ್ಲಿ ಲಂಡನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಶುರುಮಾಡಿದ ವಿಲಿಯಂ ಡಾಕ್‌ವ್ರಾನ ಹೆಸರಿನ ಕೊನೆಯಲ್ಲಿ ಕಾಣುವುದೂ ಇದೇ 'ವ್ರಾ'.

ಆ ಊರು ಎಲ್ಲಿದೆ? ಈಗ ಹೋಗಿ ನೋಡಬಹುದೇ?

ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ಹಳೆಯ ಆಡಳಿತ ವಿಭಾಗದ ಪ್ರಕಾರ ವೆಸ್ಟ್ ರೈಡಿಂಗ್‌ನಲ್ಲಿ, ವಾಶ್‌ಬರ್ನ್ ಎಂಬ ಸಣ್ಣ ಹೊಳೆಯ ಕಣಿವೆಯಲ್ಲಿ ಅದು ಇತ್ತು. ಫ್ಯೂಸ್ಟನ್ ಪ್ಯಾರಿಷ್‌ನ ಗ್ರೇಟ್ ಟಿಂಬಲ್ ಗ್ರಾಮಕ್ಕೆ ಸೇರಿದ ಜಾಗ. ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಬರುವ ಸೀಮೆ. 1870ರ ದಶಕದಲ್ಲಿ ಲೀಡ್ಸ್ ನಗರಸಭೆ ಕುಡಿಯುವ ನೀರಿಗಾಗಿ ಈ ಕಣಿವೆಯಲ್ಲಿ ಸಾಲಾಗಿ ಜಲಾಶಯಗಳನ್ನು ಕಟ್ಟಿತು. ಫ್ಯೂಸ್ಟನ್ ಜಲಾಶಯ 1879ರಲ್ಲಿ ಮುಗಿಯಿತು, ಥ್ಯಾಕ್ರೇ ಎಂಬ ಜಾಗ ಅದರ ನೀರಿನಡಿ ಸೇರಿಹೋಯಿತು. ಜಲಾಶಯದ ಸುತ್ತ ನಡೆದಾಡಲು ದಾರಿಯಿದೆ, ಫ್ಯೂಸ್ಟನ್ ಚರ್ಚು ದಡದ ಮೇಲೇ ಇದೆ. ಮೂಲ ಜಾಗವನ್ನು ಮಾತ್ರ ನೋಡಲಾಗದು.

ಹುಡುಕುವವರು ಒಂದು ಸಂಗತಿ ನೆನಪಿಡಬೇಕು. 1974ರಲ್ಲಿ ಇಂಗ್ಲೆಂಡಿನ ಕೌಂಟಿಗಳ ಗಡಿ ಬದಲಾಯಿತು, ಫ್ಯೂಸ್ಟನ್ ಈಗ ಉತ್ತರ ಯಾರ್ಕ್‌ಶೈರ್‌ಗೆ ಸೇರಿದೆ. ಹಳೆಯ ದಾಖಲೆಗಳನ್ನು ವೆಸ್ಟ್ ರೈಡಿಂಗ್ ಎಂದೇ ಹುಡುಕಬೇಕು.

ಇಂಗ್ಲೆಂಡಿನ ಹಳ್ಳಿಗೆ ನಾರ್ಸ್ ಹೆಸರು ಹೇಗೆ ಬಂತು?

866ರಲ್ಲಿ ಡೇನರ ಸೈನ್ಯ ಯಾರ್ಕ್ ನಗರವನ್ನು ಹಿಡಿಯಿತು, 876ರಲ್ಲಿ ಆ ಸೈನಿಕರು ನೆಲ ಹಂಚಿಕೊಂಡು ಉತ್ತು ಬಿತ್ತಲು ಕೂತರು. ಹತ್ತನೆಯ ಶತಮಾನದಲ್ಲಿ ಐರ್ಲೆಂಡಿನ ಕಡೆಯಿಂದ ನಾರ್ವೆ ಮೂಲದವರು ಪಶ್ಚಿಮದ ಗುಡ್ಡಗಳನ್ನು ದಾಟಿ ಬಂದು ನೆಲೆಸಿದರು. ಯಾರ್ಕ್‌ನ ಕೊನೆಯ ನಾರ್ಸ್ ದೊರೆ ಎರಿಕ್ 954ರಲ್ಲಿ ಹೊರಬಿದ್ದ. ಅರಸರು ಹೋದರೂ ಒಕ್ಕಲಿಗರು ಹೋಗಲಿಲ್ಲ. ಅವರ ಮಾತು ಹೊಲ, ಹಳ್ಳ, ಮೂಲೆಗಳ ಹೆಸರಾಗಿ ನಿಂತಿತು. ಕಾದಂಬರಿಕಾರನ ಪೂರ್ವಿಕರ ಊರಾದ ಹ್ಯಾಂಪ್ಸ್‌ಥ್ವೇಟ್ ಕೂಡ ಫ್ಯೂಸ್ಟನ್‌ಗೆ ಹತ್ತಿರದ್ದೇ. ಅದರಲ್ಲಿರುವ 'ಥ್ವೇಟ್' ಎಂದರೆ ಕಾಡು ಕಡಿದು ಮಾಡಿದ ಜಾಗ, ಅದೂ ನಾರ್ಸ್ ಪದವೇ.

ಊರಿನ ಹೆಸರು ಮನೆತನದ ಹೆಸರಾದದ್ದು ಯಾವಾಗ?

ಇಂಗ್ಲೆಂಡಿನಲ್ಲಿ ತಂದೆಯಿಂದ ಮಗನಿಗೆ ಇಳಿಯುವ ಅಡ್ಡಹೆಸರಿನ ರೂಢಿ 1066ರ ನಾರ್ಮನ್ ದಂಡಯಾತ್ರೆಯ ನಂತರ ದೊಡ್ಡ ಜಮೀನ್ದಾರರಲ್ಲಿ ಶುರುವಾಗಿ ನಿಧಾನವಾಗಿ ಕೆಳಗಿಳಿಯಿತು. ದಕ್ಷಿಣದಲ್ಲಿ ಬೇಗ, ಉತ್ತರದಲ್ಲಿ ತಡ. ಯಾರ್ಕ್‌ಶೈರ್‌ನ ಸಾಮಾನ್ಯ ರೈತರಲ್ಲಿ ಹದಿನಾಲ್ಕನೆಯ ಶತಮಾನದಲ್ಲೂ ಅದು ಇನ್ನೂ ಗಟ್ಟಿಯಾಗುತ್ತಲೇ ಇತ್ತು.

ಇದಕ್ಕೆ ಒಳ್ಳೆಯ ಸಾಕ್ಷಿ 1379ರ ತಲೆಗಂದಾಯದ ಪಟ್ಟಿ. ಫ್ರಾನ್ಸಿನ ಜೊತೆಗಿನ ಯುದ್ಧದ ಖರ್ಚಿಗಾಗಿ ದೊರೆ 1377, 1379, 1381ರಲ್ಲಿ ಮೂರು ಸಲ ತಲೆಗಂದಾಯ ಎತ್ತಿಸಿದ. ಎರಡನೆಯ ಸಲ ಹದಿನಾರು ದಾಟಿದವರೆಲ್ಲ ಕೊಡಬೇಕಿತ್ತು: ಸಾಮಾನ್ಯ ದಂಪತಿಗೆ ಅಥವಾ ಒಂಟಿಯಾಗಿರುವವರಿಗೆ ನಾಲ್ಕು ಪೆನ್ಸ್, ಕಸುಬುದಾರರಿಗೆ, ವ್ಯಾಪಾರಿಗಳಿಗೆ ಅಂತಸ್ತಿಗೆ ತಕ್ಕಂತೆ ಹೆಚ್ಚು. ವೆಸ್ಟ್ ರೈಡಿಂಗ್‌ನ ಪಟ್ಟಿ ಚೆನ್ನಾಗಿ ಉಳಿದು ಬಂದಿದೆ. ಅದರಲ್ಲಿ ಈ ಹೆಸರು 'ಡಿ ಥ್ಯಾಕ್‌ವ್ರಾ' ಎಂಬ ರೂಪದಲ್ಲಿ, ಥ್ಯಾಕ್‌ವ್ರಾ ಊರಿನವನು ಎಂಬ ಅರ್ಥದಲ್ಲಿ ಸಿಗುತ್ತದೆ. ಆ 'ಡಿ' ಮುಂದೆ ಬಿದ್ದುಹೋಯಿತು, ಊರು ಮಾತ್ರ ಹೆಸರಿಗೆ ಅಂಟಿಕೊಂಡು ಉಳಿಯಿತು.

'ಡಿ' ಇದ್ದ ಮಾತ್ರಕ್ಕೆ ನಾರ್ಮನ್ ಮೂಲದವರು, ದೊಡ್ಡ ಮನೆಯವರು ಎಂದು ತಿಳಿಯಬಾರದು. ಕರಣಿಕರು ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದರು, ದನ ಕಾಯುವವನಿಗೂ 'ಡಿ' ಹಚ್ಚುತ್ತಿದ್ದರು.

ಕಾಗುಣಿತ ಇಷ್ಟೊಂದು ಬಗೆ ಏಕೆ? ಯಾವುದು ಸರಿಯಾದದ್ದು?

ಎಲ್ಲವೂ ಸರಿ. ಥ್ಯಾಕ್ರೇ, ಥ್ಯಾಕರೆ, ಥ್ಯಾಕ್ರಾ, ಥ್ಯಾಕ್‌ವ್ರೇ, ಥ್ಯಾಕರಿ, ಥ್ಯಾಕರಾ, ಇವೆಲ್ಲ ಒಂದೇ ಹೆಸರಿನ ರೂಪಗಳು. ಬದಲಾವಣೆಯ ಕ್ರಮವನ್ನು ಹೀಗೆ ಗುರುತಿಸಬಹುದು: ಮೊದಲು 'ಥ್ಯಾಕ್‌ವ್ರಾ'. ನಾಲಿಗೆಗೆ ಭಾರವಾದ 'ವ' ಸವೆದು 'ಥ್ಯಾಕ್ರಾ'. ಕೊನೆಯ ದೀರ್ಘಸ್ವರ ಕೆಲವು ಕಡೆ 'ಏ' ಆಗಿ 'ಥ್ಯಾಕ್ರೇ'. ಆಮೇಲೆ ಒತ್ತಕ್ಷರದ ನಡುವೆ ಒಂದು ಸ್ವರ ಸೇರಿ 'ಥ್ಯಾಕರೆ'. ವರ್ಷ ವರುಷವಾಗಿ, ಹರ್ಷ ಹರುಷವಾಗಿ ಬಾಯಿಗೆ ಹಗುರಾಗುತ್ತದಲ್ಲ, ಅಲ್ಲಿ ಆಗಿರುವುದೂ ಅದೇ.

ಬರೆದವರು ಯಾರು ಎಂಬುದೇ ಮುಖ್ಯ. ಹದಿನೆಂಟನೆಯ ಶತಮಾನದವರೆಗೆ ಹೆಚ್ಚಿನ ಒಕ್ಕಲು ಜನ ತಮ್ಮ ಹೆಸರನ್ನು ತಾವೇ ಬರೆಯುತ್ತಿರಲಿಲ್ಲ, ಪಾದ್ರಿಗೆ ಕೇಳಿಸಿದಂತೆ ಪಾದ್ರಿ ಬರೆಯುತ್ತಿದ್ದ. ಒಬ್ಬನ ದೀಕ್ಷಾಸ್ನಾನ ಒಂದು ಕಾಗುಣಿತದಲ್ಲಿ, ಮದುವೆ ಇನ್ನೊಂದರಲ್ಲಿ, ಸಮಾಧಿ ಮೂರನೆಯದರಲ್ಲಿ ಇದ್ದರೆ ಬೆರಗಾಗಬೇಕಿಲ್ಲ. ಒಂದು ಅಕ್ಷರದ ವ್ಯತ್ಯಾಸ ಹಿಡಿದು 'ಅವರು ಬೇರೆ ಕವಲು, ನಾವು ಬೇರೆ' ಎನ್ನುವುದು ಈ ಹೆಸರಿನ ಮಟ್ಟಿಗೆ ತೀರಾ ದುರ್ಬಲ ವಾದ.

ಥ್ಯಾಚರ್, ಥ್ಯಾಕರ್ ಎಂಬ ಹೆಸರುಗಳಿಗೂ ಇದಕ್ಕೂ ನಂಟಿದೆಯೇ?

ಪದದ ಬೇರು ಒಂದೇ, ಮನೆತನ ಬೇರೆ. ಥ್ಯಾಚರ್, ಥ್ಯಾಕರ್, ಥ್ಯಾಕ್‌ಸ್ಟರ್ ಇವು ಕಸುಬಿನ ಹೆಸರುಗಳು, ಹುಲ್ಲು ಹೊದಿಸುವವನು ಎಂದು ಅರ್ಥ. ಥ್ಯಾಕರೆ ಊರಿನ ಹೆಸರು. 'ಕ' ಮತ್ತು 'ಚ' ವ್ಯತ್ಯಾಸ ಉತ್ತರ ದಕ್ಷಿಣದ್ದು. ದಕ್ಷಿಣದ ಇಂಗ್ಲಿಷ್‌ನಲ್ಲಿ 'ಥ್ಯಾಚ್', 'ಚರ್ಚ್' ಎನ್ನುವ ಕಡೆ ನಾರ್ಸ್ ಪ್ರಭಾವದ ಉತ್ತರದಲ್ಲಿ 'ಥ್ಯಾಕ್', 'ಕರ್ಕ್' ಉಳಿದವು. ಕನ್ನಡದ ಕಿವಿ ತೆಲುಗಿನಲ್ಲಿ ಚೆವಿ, ಕೆರೆ ಅಲ್ಲಿ ಚೆರುವು ಆಗುವುದನ್ನು ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ.

ಥ್ಯಾಕರ್ ಎಂಬ ಕಾಗುಣಿತ ಕಂಡರೆ ಭಾರತದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಗುಜರಾತಿನ ಠಕ್ಕರ್ ಮನೆತನಗಳವರು ಅನೇಕರು ಇಂಗ್ಲಿಷ್‌ನಲ್ಲಿ ಅದೇ ಅಕ್ಷರಗಳನ್ನು ಬಳಸುತ್ತಾರೆ. 1949ರಿಂದ 1955ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಮಾಣೆಕ್‌ಲಾಲ್ ಥ್ಯಾಕರ್ ಅವರ ಹೆಸರು ಇಂಗ್ಲಿಷಿನದಲ್ಲ.

ಕಾದಂಬರಿಕಾರ ಥ್ಯಾಕರೆಯ ಮನೆತನ ಯಾವುದು?

ಹ್ಯಾಂಪ್ಸ್‌ಥ್ವೇಟ್‌ನ ಸ್ವಂತ ಜಮೀನಿನ ಒಕ್ಕಲು ಮನೆತನ. ಅಲ್ಲಿ ಹುಟ್ಟಿದ ಥಾಮಸ್ ಥ್ಯಾಕರೆ (1693–1760) ಓದಿ, ಪಾದ್ರಿಯಾಗಿ, 1746ರಲ್ಲಿ ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯನಾದ. ಅವನಿಗೆ ಹದಿನಾರು ಮಕ್ಕಳು. ಅಷ್ಟು ಮಕ್ಕಳಿಗೆ ಹಂಚಲು ಆಸ್ತಿ ಇರಲಿಲ್ಲ, ಕಿರಿಯವನಾದ ವಿಲಿಯಂ ಮೇಕ್‌ಪೀಸ್ ಥ್ಯಾಕರೆ (1749–1813) ಈಸ್ಟ್ ಇಂಡಿಯಾ ಕಂಪನಿಗೆ ಸೇರಿ ಬಂಗಾಳಕ್ಕೆ ಬಂದ. ಸಿಲ್ಹೆಟ್‌ನ ಕಲೆಕ್ಟರನಾಗಿ, ಕಂಪನಿಗೆ ಆನೆಗಳನ್ನು ಮಾರಿ, ಹತ್ತೇ ವರ್ಷಗಳಲ್ಲಿ ಹಣ ಮಾಡಿಕೊಂಡು 1776ರಲ್ಲಿ ಮರಳಿದ. ಅವನ ಮಕ್ಕಳಲ್ಲಿ ಹಲವರು ಮತ್ತೆ ಭಾರತಕ್ಕೇ ಬಂದರು. ಅವರಲ್ಲೊಬ್ಬ ರಿಚ್‌ಮಂಡ್ ಥ್ಯಾಕರೆ ಬಂಗಾಳದ ಕಂದಾಯ ಮಂಡಳಿಯ ಕಾರ್ಯದರ್ಶಿ. ಇವನ ಮಗನೇ ಕಾದಂಬರಿಕಾರ, ಹೆಸರು ತಾತನದೇ: ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಹುಟ್ಟಿದ್ದು 1811ರ ಜುಲೈ 18ರಂದು ಕಲ್ಕತ್ತೆಯಲ್ಲಿ. 1815ರಲ್ಲಿ ತಂದೆ ತೀರಿಕೊಂಡ ಮೇಲೆ ಐದು ವರ್ಷದ ಹುಡುಗನನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದರು.

ತಾತ ಮೊಮ್ಮಗನ ಹೆಸರು ಒಂದೇ ಆದದ್ದರಿಂದ ಅಂತರ್ಜಾಲದ ವಂಶಾವಳಿಗಳಲ್ಲಿ ಇಬ್ಬರೂ ಕಲಸಿಹೋಗಿರುವುದು ಸಾಮಾನ್ಯ. 1749 ಮತ್ತು 1811, ಈ ಎರಡು ವರ್ಷ ನೆನಪಿಟ್ಟುಕೊಂಡರೆ ಸಾಕು. ಮೇಕ್‌ಪೀಸ್ ಎಂಬುದು ತಾನೇ ಒಂದು ಇಂಗ್ಲಿಷ್ ಅಡ್ಡಹೆಸರು. ಜಗಳ ಬಿಡಿಸಿ ರಾಜಿ ಮಾಡಿಸುವವನಿಗೆ ಜನ ಇಟ್ಟ ಹೆಸರು ಅದು.

ಕಿತ್ತೂರಿನಲ್ಲಿ ಸತ್ತ ಥ್ಯಾಕರೆ ಯಾರು?

ಸೇಂಟ್ ಜಾನ್ ಥ್ಯಾಕರೆ. ಸಿಲ್ಹೆಟ್‌ನ ವಿಲಿಯಂನ ಮಗ, ರಿಚ್‌ಮಂಡ್‌ನ ತಮ್ಮ, ಅಂದರೆ ಕಾದಂಬರಿಕಾರನಿಗೆ ಸ್ವಂತ ಚಿಕ್ಕಪ್ಪ. ಮದರಾಸು ಸಿವಿಲ್ ಸೇವೆಗೆ ಸೇರಿದವನು, ಧಾರವಾಡದ ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್ ಆಗಿದ್ದ. 1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ಸ್ವೀಕಾರವನ್ನು ಥ್ಯಾಕರೆ ಒಪ್ಪಲಿಲ್ಲ, ಕಿತ್ತೂರಿನ ಖಜಾನೆಗೆ ಮುದ್ರೆ ಹಾಕಿಸಿ ಕಾವಲು ಕೂಡಿಸಿದ. ರಾಣಿ ಚೆನ್ನಮ್ಮ ಬಗ್ಗಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನ ಸೈನ್ಯ ಮೇಲೆ ಬಿತ್ತು, ಥ್ಯಾಕರೆ ಅಲ್ಲೇ ಸತ್ತ. ಅಮಟೂರು ಬಾಳಪ್ಪನ ಗುಂಡು ಅವನನ್ನು ಕೆಡವಿತೆಂದು ಕಿತ್ತೂರು ನಾಡು ಇಂದಿಗೂ ಹೇಳುತ್ತದೆ. ಈಗ ಪ್ರತಿವರ್ಷ ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ ನಡೆಯುತ್ತದೆ.

ಅಂದು ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳನ್ನು ನಕಲು ಮಾಡಿಸಿ ಸಂಗ್ರಹಿಸಿದವನು ಇವನೇ. ಥ್ಯಾಕರೆಯ ಸಮಾಧಿ ಧಾರವಾಡದ ಹಳೆಯ ಇಂಗ್ಲಿಷ್ ಸ್ಮಶಾನದಲ್ಲಿದೆ. ಆಗ ಕಾದಂಬರಿಕಾರ ಹದಿಮೂರು ವರ್ಷದ ಹುಡುಗ, ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಓದುತ್ತಿದ್ದ. ಹೀಗಾಗಿ 'ಕಾದಂಬರಿಕಾರ ಥ್ಯಾಕರೆ ಕಿತ್ತೂರಿನಲ್ಲಿ ಸತ್ತ' ಎಂದು ಅಲ್ಲಲ್ಲಿ ಕಾಣುವ ಬರಹ ಪೂರ್ತಿ ತಪ್ಪು. ಕಾದಂಬರಿಕಾರ ತೀರಿಕೊಂಡದ್ದು 1863ರ ಡಿಸೆಂಬರ್ 24ರಂದು, ಲಂಡನ್ನಿನಲ್ಲಿ.

ಕನ್ನಡ ನಾಡಿಗೆ ಬಂದ ಥ್ಯಾಕರೆ ಇವನೊಬ್ಬನೇ?

ಅಲ್ಲ. ಇವನ ಅಣ್ಣ ವಿಲಿಯಂ ಥ್ಯಾಕರೆಯ ಪಾತ್ರ ಇನ್ನೂ ದೊಡ್ಡದು, ಅವನನ್ನು ನೆನೆಯುವವರು ಮಾತ್ರ ಕಡಿಮೆ. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳಲ್ಲಿ ಥಾಮಸ್ ಮನ್ರೋನ ಕೈಕೆಳಗೆ ಕೆಲಸ ಮಾಡಿದವನು. ಮಲಬಾರ್, ಕೆನರಾ ಮತ್ತು ಈ ಬಿಟ್ಟುಕೊಟ್ಟ ಜಿಲ್ಲೆಗಳನ್ನು ಸುತ್ತಿ 1807ರ ಆಗಸ್ಟ್‌ನಲ್ಲಿ ಒಂದು ವರದಿ ಕೊಟ್ಟ. ಬಂಗಾಳದಂತೆ ಜಮೀನ್ದಾರರ ಕೈಗೆ ಕಂದಾಯ ಒಪ್ಪಿಸುವುದಕ್ಕಿಂತ ರೈತನ ಜೊತೆ ನೇರ ವ್ಯವಹಾರವೇ ಒಳ್ಳೆಯದು ಎಂಬುದು ಅದರ ವಾದ. ಮದರಾಸು ಪ್ರಾಂತ್ಯದಲ್ಲಿ ರೈತವಾರಿ ಪದ್ಧತಿ ಗಟ್ಟಿಯಾಗಲು ಮನ್ರೋನ ಬರಹಗಳ ಜೊತೆಗೆ ಈ ವರದಿಯನ್ನೂ ಆಧಾರವಾಗಿ ಬಳಸಿದರು. ಬಳ್ಳಾರಿ, ದಕ್ಷಿಣ ಕನ್ನಡ, ಉತ್ತರ ಕನ್ನಡ ಜಿಲ್ಲೆಗಳ ಭೂಕಂದಾಯದ ಇತಿಹಾಸ ಓದುವವರು ಕೇವಲ 'ಥ್ಯಾಕರೆ' ಎಂದು ಕಂಡಾಗ ಇಸವಿ ನೋಡಬೇಕು. 1807 ಎಂದಿದ್ದರೆ ಅವನು ವಿಲಿಯಂ, ಕಿತ್ತೂರಿನವನಲ್ಲ.

ಮುಂಬಯಿಯ ಠಾಕ್ರೆ ಮನೆತನಕ್ಕೂ ಇವರಿಗೂ ಏನು ಸಂಬಂಧ?

ಇಲ್ಲ. ಅದು ಮರಾಠಿ ಹೆಸರು, ಚಾಂದ್ರಸೇನೀಯ ಕಾಯಸ್ಥ ಪ್ರಭು ಸಮುದಾಯದ್ದು. ಸಮಾಜ ಸುಧಾರಕ, ಲೇಖಕ ಕೇಶವ ಸೀತಾರಾಮ ಠಾಕ್ರೆ (1885–1973) ಅವರು ಇಂಗ್ಲಿಷ್‌ನಲ್ಲಿ ತಮ್ಮ ಹೆಸರು ಬರೆಯುವಾಗ ತಾವು ಮೆಚ್ಚಿದ ಕಾದಂಬರಿಕಾರನ ಕಾಗುಣಿತ ಆರಿಸಿಕೊಂಡರು ಎಂಬುದು ಆ ಮನೆತನದ ಬಗ್ಗೆ ಬರೆದವರು ಸಾಮಾನ್ಯವಾಗಿ ಹೇಳುವ ಮಾತು. ದೇವನಾಗರಿಯಲ್ಲಿ ನೋಡಿದರೆ ಗೊಂದಲವೇ ಇಲ್ಲ, ಅಲ್ಲಿರುವುದು 'ಠ'.

ನಮ್ಮ ಅಡ್ಡಹೆಸರು ಥ್ಯಾಕರೆ. ನಾವು ಕಾದಂಬರಿಕಾರನ ವಂಶದವರೇ?

ಗಂಡುಮಕ್ಕಳ ಸಾಲಿನಲ್ಲಿ ಯಾರೂ ಅವನ ವಂಶದವರಾಗಲು ಸಾಧ್ಯವಿಲ್ಲ. ಅವನಿಗೆ ಹುಟ್ಟಿದ್ದು ಮೂರು ಹೆಣ್ಣುಮಕ್ಕಳು, ಒಂದು ಮಗು ಎಳವೆಯಲ್ಲೇ ತೀರಿತು. ಉಳಿದ ಇಬ್ಬರಲ್ಲಿ ಆ್ಯನ್ ಮದುವೆಯಾಗಿ ರಿಚಿ ಆದಳು, ಹ್ಯಾರಿಯೆಟ್ ಮದುವೆಯಾಗಿ ಸ್ಟೀಫನ್ ಆದಳು. ಅಡ್ಡಹೆಸರು ಅಲ್ಲಿಗೇ ನಿಂತಿತು. ಅವನ ತಾತ, ಮುತ್ತಾತರ ಇತರ ಕವಲುಗಳಿಂದ ಬಂದಿರಬಹುದು, ಏಕೆಂದರೆ ಹದಿನಾರು ಮಕ್ಕಳ ಮನೆ ಅದು. ಅದಕ್ಕಿಂತ ಹೆಚ್ಚಾಗಿ, ಹ್ಯಾರೋದ ಕಡೆ ಹೋಗದೆ ಯಾರ್ಕ್‌ಶೈರ್‌ನಲ್ಲೇ ಉಳಿದ, ಆಮೇಲೆ ಉಣ್ಣೆ ಗಿರಣಿಗಳ ಲೀಡ್ಸ್‌ಗೆ ಇಳಿದ ಬಹುಸಂಖ್ಯೆಯ ಥ್ಯಾಕ್ರೇಗಳಲ್ಲಿ ನಿಮ್ಮ ಬೇರು ಇರುವ ಸಂಭವವೇ ಜಾಸ್ತಿ.

ವಂಶಾವಳಿ ಹುಡುಕುವುದು ಹೇಗೆ, ಎಲ್ಲಿಂದ ಶುರು ಮಾಡಬೇಕು?

ನಿಮ್ಮಿಂದಲೇ ಶುರು ಮಾಡಿ ಹಿಂದಕ್ಕೆ ಹೋಗಿ. ಪ್ರಸಿದ್ಧ ವ್ಯಕ್ತಿಯಿಂದ ಶುರು ಮಾಡಿ ನಿಮ್ಮ ಕಡೆಗೆ ಇಳಿಯಲು ಹೋದರೆ ನಡುವಿನ ಕೊಂಡಿಗಳನ್ನು ಊಹೆಯಿಂದ ತುಂಬುವಂತಾಗುತ್ತದೆ. ಇಂಗ್ಲೆಂಡಿನ ದಾಖಲೆಗಳು ಹಿಂದಕ್ಕೆ ಹೋದಂತೆ ಈ ಕ್ರಮದಲ್ಲಿ ಸಿಗುತ್ತವೆ.

ಮೊದಲು ಸರ್ಕಾರಿ ಜನನ, ವಿವಾಹ, ಮರಣ ನೋಂದಣಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದು 1837ರ ಜುಲೈ 1ರಿಂದ ಇದೆ. ಜನನ ಪತ್ರದಲ್ಲಿ ತಾಯಿಯ ತವರಿನ ಅಡ್ಡಹೆಸರು ಇರುತ್ತದೆ, ವಿವಾಹ ಪತ್ರದಲ್ಲಿ ಇಬ್ಬರ ತಂದೆಯರ ಹೆಸರು, ಕಸುಬು ಇರುತ್ತವೆ. ಒಂದು ತಲೆಮಾರು ಹಿಂದಕ್ಕೆ ಹೋಗಲು ವಿವಾಹ ಪತ್ರವೇ ಹೆಚ್ಚು ಉಪಯೋಗ. ಹಳೆಯ ಮರಣ ಪತ್ರದಲ್ಲಿ ತಂದೆತಾಯಿಯ ಹೆಸರು ಸಾಮಾನ್ಯವಾಗಿ ಇರದು, ಅದಕ್ಕೆ ಹಣ ಕೊಡುವ ಮುಂಚೆ ಯೋಚಿಸಿ. ಪ್ರಧಾನ ನೋಂದಣಿ ಕಚೇರಿಯ ಆನ್‌ಲೈನ್ ಸೂಚಿಯಲ್ಲಿ 1837ರಿಂದಲೇ ತಾಯಿಯ ತವರು ಹೆಸರು ಕೊಟ್ಟಿದ್ದಾರೆ, ಪತ್ರ ತರಿಸದೆಯೇ ಎಷ್ಟೋ ತಪ್ಪು ವ್ಯಕ್ತಿಗಳನ್ನು ಅಲ್ಲೇ ಬದಿಗಿಡಬಹುದು.

ಜೊತೆಗೆ ಜನಗಣತಿ. 1841ರಿಂದ ಹತ್ತು ವರ್ಷಕ್ಕೊಮ್ಮೆ ಹೆಸರುಗಳು ಸಿಗುತ್ತವೆ. 1841ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಲು ಹೇಳಿದ್ದರು: 39 ವರ್ಷದವನು 35 ಎಂದು ಕಾಣುತ್ತಾನೆ. ಯಜಮಾನನಿಗೆ ಏನಾಗಬೇಕು, ಹುಟ್ಟಿದ ಊರು ಯಾವುದು ಎಂಬ ವಿವರ 1851ರಿಂದ ಬರುತ್ತದೆ. ಫ್ಯೂಸ್ಟನ್, ಟಿಂಬಲ್, ಹ್ಯಾಂಪ್ಸ್‌ಥ್ವೇಟ್ ಎಂದು ಹುಟ್ಟೂರು ಕಂಡರೆ ದಾರಿ ಸಿಕ್ಕಿತೆಂದೇ ತಿಳಿಯಿರಿ. 1931ರ ಗಣತಿಯ ಕಾಗದಗಳು 1942ರ ಬೆಂಕಿಯಲ್ಲಿ ಸುಟ್ಟುಹೋದವು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಆ ಕಾಲಕ್ಕೆ 1939ರಲ್ಲಿ ಮಾಡಿದ ರಾಷ್ಟ್ರೀಯ ನೋಂದಣಿಯನ್ನು ಬಳಸಬೇಕು.

1837ಕ್ಕಿಂತ ಹಿಂದೆ ಚರ್ಚಿನ ಪುಸ್ತಕಗಳು. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷ್‌ನಲ್ಲೂ ದೀಕ್ಷಾಸ್ನಾನ, ಮದುವೆ, ಸಮಾಧಿ ಬರೆದಿಡಲು ಆಜ್ಞೆ ಮಾಡಿದ. ಎಲ್ಲ ಊರಿನ ಪುಸ್ತಕಗಳೂ ಆ ವರ್ಷದಿಂದ ಉಳಿದಿಲ್ಲ. 1598ರಿಂದ ಬಿಷಪ್ಪನಿಗೆ ಪ್ರತಿವರ್ಷ ಒಂದು ನಕಲು ಹೋಗುತ್ತಿತ್ತು, ಮೂಲ ಹರಿದಿದ್ದರೆ ಆ ನಕಲನ್ನು ಕೇಳಬೇಕು. 1640ರಿಂದ 1660ರ ನಡುವಿನ ಅಂತರ್ಯುದ್ಧದ ಕಾಲದಲ್ಲಿ ಅನೇಕ ಕಡೆ ಪುಸ್ತಕವೇ ಖಾಲಿ. 1754ರಿಂದ ಮದುವೆಯ ಪುಸ್ತಕದಲ್ಲಿ ವಧೂವರರ ಸಹಿ ಅಥವಾ ಸಹಿಯ ಬದಲಿಗೆ ಹಾಕಿದ ಗುರುತು ಇರುತ್ತದೆ. ಒಬ್ಬ ಥ್ಯಾಕ್ರೇ ತನ್ನ ಹೆಸರನ್ನು ತಾನೇ ಹೇಗೆ ಬರೆದುಕೊಳ್ಳುತ್ತಿದ್ದ ಎಂಬುದು ತಿಳಿಯುವುದು ಅಲ್ಲೇ. 1813ರಿಂದ ದೀಕ್ಷಾಸ್ನಾನದ ಪುಸ್ತಕ ಅಚ್ಚಿನ ನಮೂನೆಯಲ್ಲಿದ್ದು ತಂದೆಯ ಕಸುಬು, ಮನೆ ಇರುವ ಜಾಗವೂ ಸೇರಿರುತ್ತದೆ.

ಇನ್ನೂ ಹಿಂದಕ್ಕೆ ಹೋಗಲು ಉಯಿಲುಗಳು, ಜಮೀನಿನ ನ್ಯಾಯಸ್ಥಾನದ ಕಡತಗಳು. ಥ್ಯಾಕ್ರೇಗಳ ಮಟ್ಟಿಗೆ ಇಲ್ಲೊಂದು ವಿಶೇಷವಿದೆ. ಫ್ಯೂಸ್ಟನ್, ಹ್ಯಾಂಪ್ಸ್‌ಥ್ವೇಟ್ ಎರಡೂ ಹಳೆಯ ನೇರ್ಸ್‌ಬರೋ ಅರಣ್ಯ ಸೀಮೆಗೆ ಸೇರಿದವು. ಉಳಿದ ಕಡೆ 1858ರವರೆಗೆ ಉಯಿಲುಗಳು ಚರ್ಚಿನ ನ್ಯಾಯಾಲಯದ ಮುಂದೆ ಹೋಗುತ್ತಿದ್ದರೆ, ನೇರ್ಸ್‌ಬರೋಗೆ ತನ್ನದೇ ನ್ಯಾಯಸ್ಥಾನವಿತ್ತು. ಯಾರ್ಕ್‌ನ ಚರ್ಚು ನ್ಯಾಯಾಲಯದ ಸೂಚಿಯಲ್ಲಿ ಸಿಗಲಿಲ್ಲವೆಂದು ಬಿಟ್ಟುಬಿಡಬೇಡಿ, ನೇರ್ಸ್‌ಬರೋ ಕಡತ ನೋಡಿ. ಅದರ ಉಯಿಲುಗಳ ಸಾರ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅಚ್ಚಾಗಿದೆ.

ಹುಡುಕಾಟ ಸಾಮಾನ್ಯವಾಗಿ ಎಲ್ಲಿ ಎಡವುತ್ತದೆ?

ಕಾಗುಣಿತದಲ್ಲಿ, ಎಲ್ಲಕ್ಕಿಂತ ಹೆಚ್ಚು. ಒಂದೇ ರೂಪ ಕೊಟ್ಟು ಹುಡುಕಿದರೆ ಅರ್ಧ ದಾಖಲೆ ತಪ್ಪಿಹೋಗುತ್ತದೆ. ಟಿ, ಎಚ್ ಅಕ್ಷರಗಳಾದ ಮೇಲೆ ನಕ್ಷತ್ರ ಚಿಹ್ನೆ, ಆಮೇಲೆ ಕೆ, ಮತ್ತೆ ನಕ್ಷತ್ರ, ಆರ್, ಮತ್ತೆ ನಕ್ಷತ್ರ ಹಾಕಿ ಹುಡುಕಿದರೆ ಬಹುತೇಕ ಎಲ್ಲ ರೂಪಗಳೂ ಬಲೆಗೆ ಬೀಳುತ್ತವೆ. ಉಚ್ಚಾರಣೆಯ ಆಧಾರದ ಸೌಂಡೆಕ್ಸ್ ಹುಡುಕಾಟದಲ್ಲಿ ಥ್ಯಾಕರೆ, ಥ್ಯಾಕ್ರಾ, ಥ್ಯಾಕ್‌ವ್ರೇ ಎಲ್ಲಕ್ಕೂ ಟಿ-260 ಎಂಬ ಒಂದೇ ಸಂಕೇತ ಬರುತ್ತದೆ, ಅದು ಅನುಕೂಲ. ಥ್ಯಾಕರ್‌ಗೂ ಅದೇ ಸಂಕೇತ ಬರುವುದರಿಂದ ಸಂಬಂಧವಿಲ್ಲದವರೂ ನುಗ್ಗುತ್ತಾರೆ. ಥ್ಯಾಚರ್ ಟಿ-326, ಅದು ಬೇರೆಯಾಗೇ ಉಳಿಯುತ್ತದೆ. ಹಳೆಯ ಕೈಬರಹದ ದೊಡ್ಡ ಟಿ ಅಕ್ಷರವನ್ನು ಎಫ್ ಅಥವಾ ಜೆ ಎಂದು ಓದಿ ಸೂಚಿಗೆ ಸೇರಿಸಿರುವುದೂ ಉಂಟು, ಆಗ ಅಡ್ಡಹೆಸರು ಬಿಟ್ಟು ಊರು, ಮೊದಲ ಹೆಸರು, ವರ್ಷ ಕೊಟ್ಟು ಹುಡುಕಬೇಕು.

ಎರಡನೆಯದು ಇಸವಿ. 1752ಕ್ಕಿಂತ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ರಂದು ಶುರುವಾಗುತ್ತಿತ್ತು. ಪುಸ್ತಕದಲ್ಲಿ 1693ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1694. ಇದು ತಿಳಿಯದೆ ಮದುವೆಗೆ ಮುಂಚೆಯೇ ಮಗು ಹುಟ್ಟಿದೆ, ತಾಯಿ ಸತ್ತ ಮೇಲೆ ಮಗು ಹುಟ್ಟಿದೆ ಎಂಬಂಥ ಒಗಟುಗಳನ್ನು ಜನ ಕಟ್ಟಿಕೊಳ್ಳುತ್ತಾರೆ. 1733ರವರೆಗೆ ಲ್ಯಾಟಿನ್ ಬಳಸಿದ ಪುಸ್ತಕಗಳೂ ಇವೆ: ಗುಲಿಯೆಲ್ಮಸ್ ಎಂದರೆ ವಿಲಿಯಂ, ಜಾಕೋಬಸ್ ಎಂದರೆ ಜೇಮ್ಸ್.

ಮೂರನೆಯದು ಅತಿ ಕೆಟ್ಟದ್ದು. ಒಂದೇ ಪ್ಯಾರಿಷ್‌ನಲ್ಲಿ ಒಂದೇ ಕಾಲಕ್ಕೆ ಮೂರು ಜಾನ್ ಥ್ಯಾಕ್ರೇಗಳು ಇರುವಾಗ ಹೆಸರು ಹೊಂದಿತೆಂದು ಒಬ್ಬನನ್ನು ಎತ್ತಿಕೊಳ್ಳುವುದು. ಆ ಮಗು ಎಳವೆಯಲ್ಲೇ ಸತ್ತಿತೇ ಎಂದು ಸಮಾಧಿಯ ಪುಸ್ತಕ ನೋಡದವರೇ ಹೆಚ್ಚು. ಒಬ್ಬರು ಹೀಗೆ ತಪ್ಪಿದರೆ ಸಾಕು, ಅಂತರ್ಜಾಲದಲ್ಲಿ ನೂರು ಮಂದಿ ಅದನ್ನೇ ನಕಲು ಮಾಡುತ್ತಾರೆ, ನೂರು ಕಡೆ ಇದೆ ಎಂಬುದೇ ಆಧಾರವಾಗಿಬಿಡುತ್ತದೆ. ಪುಸ್ತಕದ ಪುಟದ ಚಿತ್ರ ನೋಡದೆ ಯಾವ ಕೊಂಡಿಯನ್ನೂ ಒಪ್ಪಬೇಡಿ.

ಭಾರತದಲ್ಲಿದ್ದ ಥ್ಯಾಕರೆಗಳ ದಾಖಲೆ ಎಲ್ಲಿದೆ?

ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ. ಭಾರತದ ಚರ್ಚುಗಳಿಂದ ಹೋದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ನಕಲು ಮೂರು ಸರಣಿಯಲ್ಲಿವೆ: ಬಂಗಾಳಕ್ಕೆ ಎನ್-1, ಮದರಾಸಿಗೆ ಎನ್-2, ಮುಂಬಯಿಗೆ ಎನ್-3. ಧಾರವಾಡ, ಬೆಳಗಾವಿ ಕಡೆಯವರನ್ನು ಹುಡುಕುವಾಗ ಒಂದೇ ಸರಣಿ ನಂಬಿ ಕೂರಬಾರದು. ಆ ಪ್ರದೇಶ ಮುಂದೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದರೂ 1818ರ ನಂತರದ ವರ್ಷಗಳಲ್ಲಿ ಅಲ್ಲಿ ಮದರಾಸಿನ ಅಧಿಕಾರಿಗಳು ಇದ್ದರು, ಸೇಂಟ್ ಜಾನ್ ಥ್ಯಾಕರೆಯೇ ಅದಕ್ಕೆ ಉದಾಹರಣೆ. ಎನ್-2, ಎನ್-3 ಎರಡನ್ನೂ ನೋಡಿ. ಇನ್ನೊಂದು ಸೂಕ್ಷ್ಮ: ಸೇಂಟ್ ಜಾನ್ ಎಂಬುದು ಇಲ್ಲಿ ಅವನ ಮೊದಲ ಹೆಸರು, ಸಂತ ಪದವಿಯಲ್ಲ. ಇಂಗ್ಲಿಷರು ಅದನ್ನು 'ಸಿಂಜನ್' ಎಂದು ಉಚ್ಚರಿಸುತ್ತಾರೆ. ಸೂಚಿಗಳಲ್ಲಿ ಕೆಲವೊಮ್ಮೆ ಕೇವಲ ಜಾನ್ ಎಂದು, ಕೆಲವೊಮ್ಮೆ ಎಸ್ ಅಕ್ಷರದ ಕೆಳಗೆ ಸೇರಿಸಿರಬಹುದು.

ಈ ಹೆಸರಿಗೆ ಒಂದು ಲಾಂಛನ ಇದೆಯಂತೆ, ಚೌಕಟ್ಟು ಹಾಕಿ ಮಾರುತ್ತಾರೆ. ಕೊಳ್ಳಬಹುದೇ?

ಗೋಡೆಗೆ ಅಂದವಾಗಿ ಕಾಣಬಹುದು, ದಾಖಲೆ ಅಲ್ಲ. ಇಂಗ್ಲೆಂಡಿನಲ್ಲಿ ಲಾಂಛನ ಅಡ್ಡಹೆಸರಿಗೆ ಸಿಗುವುದಿಲ್ಲ, ಒಬ್ಬ ವ್ಯಕ್ತಿಗೂ ಅವನ ನೇರ ಸಂತತಿಗೂ ಸಿಗುತ್ತದೆ. 1484ರಲ್ಲಿ ಸ್ಥಾಪನೆಯಾದ ಕಾಲೇಜ್ ಆಫ್ ಆರ್ಮ್ಸ್ ಅದನ್ನು ಕೊಡುತ್ತದೆ.

ಡಿಎನ್‌ಎ ಪರೀಕ್ಷೆಯಿಂದ ತಿಳಿಯುತ್ತದೆಯೇ?

ಸ್ವಲ್ಪಮಟ್ಟಿಗೆ. ಅಡ್ಡಹೆಸರಿನಂತೆಯೇ ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಇಳಿಯುತ್ತದೆ, ಆದ್ದರಿಂದ ಅದೇ ಪರೀಕ್ಷೆ ಬೇಕು, ಅದನ್ನು ಗಂಡಸರೇ ಮಾಡಿಸಬೇಕು. ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಮಿತ್‌ನಂಥ ಬಹಳ ಸಾಮಾನ್ಯ ಹೆಸರಿನವರಲ್ಲಿ ಸಂಬಂಧ ಕಾಣಲಿಲ್ಲ, ವಿರಳ ಹೆಸರಿನವರಲ್ಲಿ ಒಂದೇ ಮೂಲಪುರುಷನ ಗುರುತು ಹೆಚ್ಚಾಗಿ ಕಂಡಿತು. ಒಂದೇ ಕಣಿವೆಯಿಂದ ಹೊರಟ ಥ್ಯಾಕ್ರೇ ಎರಡನೆಯ ಬಗೆಯದು. ಹಾಗಿದ್ದರೂ ಒಂದೇ ಜಾಗದಿಂದ ನಂಟರಲ್ಲದ ಎರಡು ಮೂರು ಮನೆಗಳು ಅದೇ ಹೆಸರು ಹೊತ್ತು ಹೊರಟಿರಬಹುದು. ದತ್ತು ಮಕ್ಕಳು, ತಾಯಿಯ ಅಡ್ಡಹೆಸರು ಉಳಿಸಿಕೊಂಡವರು ಎಲ್ಲ ಕಾಲದಲ್ಲೂ ಇದ್ದಾರೆ. ಕಾಗದದ ದಾಖಲೆಯ ಜೊತೆಗಿಟ್ಟು ನೋಡಿದರೆ ಮಾತ್ರ ಈ ಪರೀಕ್ಷೆಗೆ ಅರ್ಥ.

ಈ ಹೆಸರಿನ ಇನ್ನೂ ಯಾರನ್ನು ತಿಳಿದಿರಬೇಕು?

ಲೀಡ್ಸ್‌ನ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾ (1795–1833) ಅವರನ್ನು ಮೊದಲು ಹೇಳಬೇಕು. ಗಿರಣಿ ಕಾರ್ಮಿಕರು, ಅಗಸೆನಾರು ಬಾಚುವವರು, ದರ್ಜಿಗಳು ಯಾವ ಕಸುಬಿನಿಂದ ಯಾವ ಕಾಯಿಲೆಗೆ ಬೀಳುತ್ತಾರೆ ಎಂದು 1831ರಲ್ಲೇ ಬರೆದು ಕಾರ್ಮಿಕರ ಆರೋಗ್ಯಶಾಸ್ತ್ರಕ್ಕೆ ಬ್ರಿಟನ್ನಿನಲ್ಲಿ ಅಡಿಪಾಯ ಹಾಕಿದವರು. ಮೂವತ್ತೆಂಟನೆಯ ವಯಸ್ಸಿಗೆ ತೀರಿಕೊಂಡರು. ಅದೇ ಲೀಡ್ಸ್‌ನಲ್ಲಿ 1902ರಲ್ಲಿ ಚಾರ್ಲ್ಸ್ ಥ್ಯಾಕ್ರೇ ಪಾಲುದಾರರೊಡನೆ ಶುರುಮಾಡಿದ ಔಷಧದಂಗಡಿ ಶಸ್ತ್ರಚಿಕಿತ್ಸೆಯ ಸಲಕರಣೆ ತಯಾರಿಸುವ ದೊಡ್ಡ ಸಂಸ್ಥೆಯಾಯಿತು, 1997ರಲ್ಲಿ ತೆರೆದ ಅಲ್ಲಿನ ವೈದ್ಯಕೀಯ ವಸ್ತುಸಂಗ್ರಹಾಲಯಕ್ಕೆ ಆ ಮನೆತನದ ಹೆಸರಿದೆ. ಹಾಡುಗಾರ ಜೇಕ್ ಥ್ಯಾಕ್ರೇ (1938–2002) ಕೂಡ ಲೀಡ್ಸ್‌ನವರೇ. 1857ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಮದ್ದಿನ ಮನೆಯ ಬೆಂಕಿ ಆರಿಸಿ ವಿಕ್ಟೋರಿಯಾ ಕ್ರಾಸ್ ಪಡೆದ ಎಡ್ವರ್ಡ್ ಟಾಲ್ಬಟ್ ಥ್ಯಾಕರೆ ಕಾದಂಬರಿಕಾರನ ದಾಯಾದಿ.

ಕನ್ನಡದಲ್ಲಿ ಹೇಗೆ ಬರೆಯಬೇಕು?

ಇಂಗ್ಲಿಷ್ ಮನೆತನಕ್ಕೆ 'ಥ್ಯಾಕರೆ', ಮರಾಠಿ ಮನೆತನಕ್ಕೆ 'ಠಾಕ್ರೆ'. ಕನ್ನಡ ಇತಿಹಾಸ ಗ್ರಂಥಗಳು, ಪತ್ರಿಕೆಗಳು ಬಹುಮಟ್ಟಿಗೆ ಹೀಗೇ ಬರೆಯುತ್ತವೆ. ಇಂಗ್ಲಿಷ್ ಲಿಪಿಯಲ್ಲಿ ಒಂದೇ ಆಗಿ ಕಾಣುವ ಎರಡು ಮನೆತನಗಳು ನಮ್ಮ ಲಿಪಿಯಲ್ಲಿ ತಾವಾಗಿಯೇ ಬೇರೆಯಾಗುತ್ತವೆ. ಯಾರ್ಕ್‌ಶೈರ್‌ನಲ್ಲಿ ಉಳಿದ ಕವಲುಗಳ ಬಗ್ಗೆ ಬರೆಯುವಾಗ ಅವರೇ ಉಚ್ಚರಿಸುವಂತೆ 'ಥ್ಯಾಕ್ರೇ' ಎಂದು ಬರೆಯುವುದು ಒಳ್ಳೆಯದು.